ಗೋಡೆ ಸಂದಿಯ ಆಲದಿಂದ ಬೋನ್ಸಾಯ್: ನಮ್ಮ ಮಳೆಗೆ ಹೊಂದುವ ದಾರಿ

ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಮಾಡು ಹತ್ತಿದವರು ಮೇಲಿನಿಂದ ಮೊದಲು ಎಸೆಯುವುದು ತರಗೆಲೆ, ಆಮೇಲೆ ಒಡೆದ ಹಂಚು, ಆಮೇಲೆ ಬೇರು ಸಮೇತ ಕಿತ್ತ ಒಂದೆರಡು ಆಲದ ಗಿಡ. ಕಾರವಾರವಾಗಲಿ ಶಿರಸಿಯಾಗಲಿ, ಹಳೇ ಮನೆ ಇದ್ದವರಿಗೆ ಇದು ಗೊತ್ತಿರುವ ವಿಷಯವೇ. ಕುಟ್ರು ಹಕ್ಕಿ, ಪಿಕಳಾರ, ಮಂಗಟ್ಟೆ ಎಲ್ಲವೂ ಆಲದ ಹಣ್ಣು ತಿಂದು ಎಲ್ಲೆಂದರಲ್ಲಿ ಹಿಕ್ಕೆ ಹಾಕುತ್ತವೆ. ಅದರೊಳಗಿನ ಸಣ್ಣ ಬೀಜ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಸಂದಿಯಲ್ಲಿ ಒಂದು ಹಿಡಿ ಮಣ್ಣೂ ಇಲ್ಲದೆ ಬದುಕಿಬಿಡುತ್ತದೆ. ನಾವು ಅದನ್ನು ಕಿತ್ತು ಗೊಬ್ಬರದ ಗುಂಡಿಗೆ ಎಸೆಯುತ್ತೇವೆ. ಎಸೆಯಬೇಡಿ. ಬೋನ್ಸಾಯ್ ಮಾಡುವವರಿಗೆ ಅಂಥ ಗಿಡ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.

ನಾನು ಈ ಹುಚ್ಚು ಹಿಡಿಸಿಕೊಂಡು ಹನ್ನೆರಡು ವರ್ಷವಾಯಿತು. ಅರ್ಧ ಗಿಡಗಳು ಕಾರವಾರದ ಮನೆಯ ತಾರಸಿ ಮೇಲಿವೆ, ಇನ್ನರ್ಧ ಶಿರಸಿ ಹತ್ತಿರದ ತೋಟದ ಮನೆಯಲ್ಲಿ. ಒಂಬತ್ತು ಬದುಕಿವೆ, ಸತ್ತವುಗಳ ಲೆಕ್ಕ ಕೇಳಬೇಡಿ. ಬಹುಪಾಲು ಸತ್ತದ್ದು ಎರಡೇ ಕಾರಣಕ್ಕೆ. ಒಂದು, ಕಾಂಡ ದಪ್ಪವಾಗುವ ಮೊದಲೇ ಚಂದದ ಚಿಕ್ಕ ಕುಂಡಕ್ಕೆ ಹಾಕುವ ಆಸೆ. ಇನ್ನೊಂದು, ಬೇರೆ ದೇಶದವರ ವಿಡಿಯೋ ನೋಡಿ ಅವರ ತಿಂಗಳಲ್ಲಿ ಅವರ ಕೆಲಸ ಮಾಡಿದ್ದು. ಅಲ್ಲಿ ಹಿಮ ಕರಗಿದ ಮೇಲೆ ಗಿಡ ಚಿಗುರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹಾಗಾಗಿ ನಾನು ಈಗ ಪಾಲಿಸುವ ಲೆಕ್ಕ ಇಷ್ಟು: ಗಿಡ ದಪ್ಪ ಮಾಡುವ ಕೆಲಸವೆಲ್ಲ ಮಳೆಯಲ್ಲಿ, ಆಕಾರ ಕೊಡುವ ನಾಜೂಕಿನ ಕೆಲಸವೆಲ್ಲ ಮಳೆ ಬಿಟ್ಟ ಮೇಲೆ ಬಿಸಿಲಿನಲ್ಲಿ. ಕೆಳಗೆ ಬರೆದದ್ದೆಲ್ಲ ಇದನ್ನೇ ಹಿಡಿದು ನಡೆಯುತ್ತದೆ.

ಮೊದಲೇ ಒಂದು ಮಾತು. ಬೋನ್ಸಾಯ್ ಅಂದರೆ ಕುಳ್ಳ ಜಾತಿಯ ಗಿಡ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಅದು ತಟ್ಟೆಯಲ್ಲಿ ನೆಟ್ಟದ್ದು ಅನ್ನುವ ಅರ್ಥದ ಜಪಾನಿ ಮಾತು, ವಿದ್ಯೆ ಅಲ್ಲಿಗೆ ಹೋದದ್ದು ಚೀನಾದಿಂದ. ಗಿಡ ಅದೇ ಆಲ, ಅದೇ ಅರಳಿ. ಬೇರು ಮತ್ತು ಚಿಗುರು ಕತ್ತರಿಸುತ್ತಾ ಚಿಕ್ಕದಾಗಿ ಇಡುತ್ತೇವೆ, ಅಷ್ಟೇ. ನೆಲಕ್ಕೆ ಬಿಟ್ಟರೆ ಮತ್ತೆ ಮರವೇ ಆಗುತ್ತದೆ.

ಯಾವ ಗಿಡ ಹಿಡಿಯಬೇಕು

ಆಲ, ಅರಳಿ, ಅತ್ತಿ, ಬಸರಿ, ಅಂಜೂರ ಎಲ್ಲವೂ ಒಂದೇ ಕುಲದವು, ವಿಜ್ಞಾನದವರು ಫೈಕಸ್ ಅನ್ನುತ್ತಾರೆ. ಹಲಸು ಕೂಡ ಇವುಗಳ ದಾಯಾದಿಯೇ, ಅದಕ್ಕೇ ಕಡಿದರೆ ಹಾಗೆ ಬಿಳಿ ಹಾಲು ಸುರಿಯುವುದು. ಆದರೆ ಬೋನ್ಸಾಯ್‌ಗೆ ಎಲ್ಲವೂ ಒಂದೇ ರೀತಿ ಒಗ್ಗುವುದಿಲ್ಲ.

ಮೊದಲ ಸಲ ಮಾಡುವವರು ಆಲ ಹಿಡಿಯಿರಿ. ಎಲೆ ದೊಡ್ಡದು ಅನ್ನುವುದೊಂದೇ ಅದರ ತೊಂದರೆ, ಅದಕ್ಕೆ ಉಪಾಯ ಇದೆ, ಮುಂದೆ ಹೇಳುತ್ತೇನೆ. ನರ್ಸರಿಯಲ್ಲಿ ಫೈಕಸ್ ಮೈಕ್ರೋಕಾರ್ಪಾ ಅಂತ ಕೇಳಿದರೆ ಚಿಕ್ಕ ದಪ್ಪ ಎಲೆಯ ಗಿಡ ಸಿಗುತ್ತದೆ, ಅದು ಇನ್ನೂ ಸುಲಭ. ಜಿನ್‌ಸೆಂಗ್ ಅಂತ ಹೆಸರಿಟ್ಟು ಗೆಣಸಿನ ಹಾಗೆ ಉಬ್ಬಿದ ಬೇರಿನ ಮೇಲೆ ಬೇರೆ ಕೊಂಬೆ ಕಸಿ ಮಾಡಿ ಮಾರುವುದೂ ಅದನ್ನೇ. ನಾನೂ ಒಂದು ಮೇಳದಲ್ಲಿ ಅಂಥದ್ದೊಂದು ಕೊಂಡೆ. ಮೇಲೆ ಚಂದದ ಬಿಳಿ ಕಲ್ಲು ಹಾಸಿದ್ದರು. ಮನೆಗೆ ತಂದು ನೀರು ಹಾಕಿದರೆ ನೀರು ಇಳಿಯುವುದೇ ಇಲ್ಲ, ಕಲ್ಲನ್ನೆಲ್ಲ ಗಮ್ ಹಾಕಿ ಅಂಟಿಸಿಬಿಟ್ಟಿದ್ದಾರೆ! ಕೊಂಡರೆ ಮೊದಲು ಆ ಕಲ್ಲು ಕಿತ್ತು ತೆಗೆಯಿರಿ.

ಅರಳಿಯ ಎಲೆ ಚೆನ್ನಾಗಿ ಚಿಕ್ಕದಾಗುತ್ತದೆ, ನೋಡಲು ಬಹಳ ಚಂದ, ಆದರೆ ಎಲೆಗೂ ಎಲೆಗೂ ನಡುವೆ ಅಂತರ ಜಾಸ್ತಿ, ಕೊಂಬೆ ಕಾರಣವಿಲ್ಲದೆ ಒಣಗುತ್ತದೆ. ಎರಡನೇ ಮೂರನೇ ಗಿಡವಾಗಿ ಇಟ್ಟುಕೊಳ್ಳಿ. ಇನ್ನು ಮನೆಯವರ ವಿಷಯವೂ ಇದೆಯಲ್ಲ. ನನ್ನ ದೊಡ್ಡಾಯಿ ತಟ್ಟೆಯಲ್ಲಿದ್ದ ಅರಳಿ ನೋಡಿ, "ಅಶ್ವತ್ಥ ಮನೇಲಿ ಇಡ್ಲಾಗ ತಮಾ" ಅಂದರು. ವಾದ ಮಾಡಲಿಲ್ಲ. ಅಂಗಳದ ತುದಿಯಲ್ಲಿ ನಾಲ್ಕು ಚಿರೇಕಲ್ಲು ಪೇರಿಸಿ ಅದರ ಮೇಲಿಟ್ಟೆ. ಹೇಗೂ ಈ ಯಾವ ಗಿಡವನ್ನೂ ಮನೆಯೊಳಗೆ ಇಡುವ ಹಾಗಿಲ್ಲ, ಬಿಸಿಲು ಬೇಕು. ಈಗ ಅವರೇ ಅದಕ್ಕೆ ದಿನಾ ಒಂದು ತಂಬಿಗೆ ನೀರು ಹಾಕುತ್ತಾರೆ.

ಅತ್ತಿಯ ಚಂದ ಅಂದರೆ ಕಾಂಡದ ಮೇಲೇ ಗೊಂಚಲು ಕಾಯಿ. ಆದರೆ ಎಲೆಯ ಮೇಲೆ ಚಿಕ್ಕ ಕೀಟದಿಂದ ಗಂಟು ಗಂಟು ಏಳುತ್ತದೆ, ಅದು ಸಹಿಸಿಕೊಳ್ಳುವವರಿಗೆ ಮಾತ್ರ. ತಿನ್ನುವ ಅಂಜೂರ ನಮ್ಮ ಕಡೆಗೆ ಬೇಡ. ಅದು ಶ್ರೀರಂಗಪಟ್ಟಣದ ಗಂಜಾಂ, ಬಳ್ಳಾರಿ ಅಂಥ ಒಣ ಸೀಮೆಯ ಗಿಡ. ನಮ್ಮ ಜುಲೈ ತಿಂಗಳಲ್ಲಿ ಎಲೆಗೆ ತುಕ್ಕು ರೋಗ ಬಂದು ಬೋಳಾಗಿ ನಿಲ್ಲುತ್ತದೆ.

ಗೋಡೆಯಿಂದ ಬಿಡಿಸುವುದು

ಈ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಬೋನ್ಸಾಯ್ ಇಲ್ಲೇ ತೀರ್ಮಾನವಾಗುತ್ತದೆ.

ಒಂದೇ ವರ್ಷದ ಕಡ್ಡಿ ಗಿಡ ಬೇಡ. ಕಂಪೌಂಡ್ ಗೋಡೆಯಲ್ಲಿ, ಬಾವಿಕಟ್ಟೆಯ ಹೊರಮೈಯಲ್ಲಿ, ದಣಪೆಯ (ಬೇಲಿ ಬಾಗಿಲಿನ) ಹತ್ತಿರದ ಪಾಗಾರದಲ್ಲಿ (ಆವರಣದ ಗೋಡೆಯಲ್ಲಿ) ಐದಾರು ವರ್ಷದಿಂದ ಇರುವುದನ್ನು ಹುಡುಕಿ. ಮನೆಯವರು ಪ್ರತಿ ವರ್ಷ ಮಳೆಗಾಲದ ಮುಂಚೆ ಕತ್ತಿಯಿಂದ ಅದನ್ನು ಸವರಿರುತ್ತಾರೆ, ಅದು ಮತ್ತೆ ಚಿಗುರಿರುತ್ತದೆ, ಮತ್ತೆ ಸವರಿರುತ್ತಾರೆ. ಪರಿಣಾಮ ಏನು ಗೊತ್ತಾ? ಬುಡ ನಿಮ್ಮ ಮಣಿಕಟ್ಟಿನಷ್ಟು ದಪ್ಪ, ಎತ್ತರ ಒಂದು ಗೇಣು, ಮೇಲೆ ಹೋದ ಹಾಗೆ ಸಣ್ಣ. ದುಡ್ಡು ಕೊಟ್ಟು ಕಲಿಯುವ ಕೆಲಸವನ್ನು ಮನೆಯ ಯಜಮಾನರು ಸಿಟ್ಟಿನಲ್ಲಿ ಪುಕ್ಕಟೆ ಮಾಡಿಕೊಟ್ಟಿರುತ್ತಾರೆ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಗೋಡೆ ಉಳಿಯಿತಲ್ಲ ಅಂತ ಚಹಾ ಕೊಟ್ಟು ಕಳಿಸುತ್ತಾರೆ. ಆದರೆ ಹಳೇ ಕೋಟೆ, ದೇವಸ್ಥಾನದ ಗೋಡೆ ಮುಟ್ಟಬೇಡಿ. ಕಾಡಿನಿಂದಲೂ ಕೀಳಬೇಡಿ, ಅರಣ್ಯ ಇಲಾಖೆಯವರ ಹತ್ತಿರ ಬೋನ್ಸಾಯ್ ಅಂದರೇನು ಅಂತ ವಿವರಿಸುವ ಪರಿಸ್ಥಿತಿ ಬೇಡ.

ಸಮಯ ಜೂನ್ ಮೊದಲ ಎರಡು ವಾರ, ಒಂದೆರಡು ಒಳ್ಳೆ ಮಳೆ ಬಿದ್ದು ಗೋಡೆ ನೆನೆದ ಮೇಲೆ. ಬೇಕಾದದ್ದು ಉಳಿ, ಸುತ್ತಿಗೆ, ಚಿಕ್ಕ ಗರಗಸ, ಒದ್ದೆ ಗೋಣಿಚೀಲ. ಮೊದಲು ಎಲೆಗಳನ್ನೆಲ್ಲ ಕತ್ತರಿಸಿ. ಎಲೆ ಇದ್ದರೆ ಅದು ನೀರು ಕೇಳುತ್ತದೆ, ಕೊಡಲು ಬೇರು ಇರುವುದಿಲ್ಲ. ಆಮೇಲೆ ಬುಡದ ಸುತ್ತ ಗಾರೆಯನ್ನು ನಿಧಾನ ಉಳಿಯಿಂದ ಬಿಡಿಸಿ. ಒಳಗೆ ಬೇರು ಗುಂಡಗೆ ಇರುವುದಿಲ್ಲ, ಕಲ್ಲು ಕಲ್ಲಿನ ನಡುವೆ ಒತ್ತಿ ಬೆಲ್ಟಿನ ಹಾಗೆ ಚಪ್ಪಟೆಯಾಗಿರುತ್ತದೆ. ಒಂದು ಗೇಣು ಸಿಕ್ಕರೆ ಸಾಕು, ಎಳೆಯಬೇಡಿ, ಗರಗಸದಿಂದ ಕೊಯ್ಯಿರಿ. ಎಳೆದರೆ ಸಿಪ್ಪೆ ಜಾರಿ ಬರಿ ಕಡ್ಡಿ ಕೈಗೆ ಬರುತ್ತದೆ. ನಾನು ಗೋಡೆಯಿಂದ ಕೀಳಲು ಹೋದ ಮೊದಲ ಎರಡು ಹಾಗೇ ಹೋದವು. ಒಳಗೆ ಉಳಿದ ಬೇರು ಮತ್ತೆ ಚಿಗುರುವುದೂ ಉಂಟು, ಮುಂದಿನ ವರ್ಷಕ್ಕೆ ಇನ್ನೊಂದು ಗಿಡ.

ಹಾಲು ಸುರಿಯುತ್ತದೆ. ಕಣ್ಣಿಗೆ ತಾಗಿಸಬೇಡಿ, ಕೆಲವರಿಗೆ ಚರ್ಮ ತುರಿಸುತ್ತದೆ, ಬಟ್ಟೆಗೆ ಬಿದ್ದರೆ ಆ ಬಟ್ಟೆ ತೋಟಕ್ಕೇ ಸರಿ. ಹಲಸಿನಹಣ್ಣು ಬಿಡಿಸುವಾಗ ಮಾಡುವ ಹಾಗೆ ಕೈಗೂ ಗರಗಸಕ್ಕೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕೊಯ್ದ ಬೇರನ್ನು ಹತ್ತು ನಿಮಿಷ ನೀರಿನಲ್ಲಿಟ್ಟರೆ ಹಾಲು ನಿಲ್ಲುತ್ತದೆ. ಮನೆಗೆ ಬರುವವರೆಗೆ ಒದ್ದೆ ಗೋಣಿಯಲ್ಲಿ ಸುತ್ತಿಡಿ.

ಗೋಡೆ ಗಿಡ ಸಿಗದವರು ಜೂನ್‌ನಲ್ಲೇ ಆಲದ ಕೊಂಬೆ ನೆಡಬಹುದು. ಹೆಬ್ಬೆರಳು ದಪ್ಪದಿಂದ ಮಣಿಕಟ್ಟು ದಪ್ಪದವರೆಗಿನ ಕೊಂಬೆ ನಮ್ಮ ಮಳೆಯಲ್ಲಿ ಸುಮ್ನೆ ಚುಚ್ಚಿದರೂ ಬೇರು ಬಿಡುತ್ತದೆ. ಇಲ್ಲವೇ ಗೂಟಿ ಕಟ್ಟಿ: ಚಂದದ ಡೊಂಕಿರುವ ಕೊಂಬೆಯಲ್ಲಿ ಒಂದೂವರೆ ಇಂಚು ಅಗಲ ಸುತ್ತ ಸಿಪ್ಪೆ ತೆಗೆದು, ಒಳಗಿನ ಹಸಿರು ಪದರ ಪೂರ್ತಿ ಕೆರೆದು, ಒದ್ದೆ ಪಾಚಿ ಅಥವಾ ತೆಂಗಿನ ನಾರು ಮುಷ್ಟಿಯಷ್ಟು ಇಟ್ಟು ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟುವುದು. ಘಟ್ಟದ ಮೇಲಿನವರಿಗೆ ಪಾಚಿಗೆ ಬರವಿಲ್ಲ, ಮನೆಯ ಹಿಂದಿನ ಧರೆಯಲ್ಲೇ ಇರುತ್ತದೆ. ನಾಲ್ಕರಿಂದ ಆರು ವಾರದಲ್ಲಿ ಬಿಳಿ ಬೇರು ಪ್ಲಾಸ್ಟಿಕ್ಕಿನ ಒಳಗೆ ಕಾಣುತ್ತದೆ. ಕಂದು ತಿರುಗುವವರೆಗೆ ಕಾದು ಕೊಯ್ಯಿರಿ.

ಮಣ್ಣು

ನಮ್ಮ ಕೆಂಪು ಮಣ್ಣು ಕುಂಡದಲ್ಲಿ ಹಾಕಿದರೆ ಆಗಸ್ಟ್ ಹೊತ್ತಿಗೆ ಇಟ್ಟಿಗೆ ಮಾಡುವ ಕೆಸರಾಗುತ್ತದೆ, ಮಾರ್ಚ್ ಹೊತ್ತಿಗೆ ಇಟ್ಟಿಗೆಯೇ ಆಗುತ್ತದೆ. ಮಾಡಿನಿಂದ ಇಳಿಸಿದ ಒಡೆದ ಹಂಚು ಇದೆಯಲ್ಲ, ಅದೇ ನಮ್ಮ ಬೋನ್ಸಾಯ್ ಮಣ್ಣು. ಗೋಣಿಯ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿ. ಎರಡು ಜರಡಿ ಬೇಕು. ಮೊದಲನೆಯದರಲ್ಲಿ ಕಡಲೆಬೇಳೆಗಿಂತ ದೊಡ್ಡದು ಉಳಿಯಬೇಕು, ಎರಡನೆಯದರಲ್ಲಿ ಹುಡಿ ಕೆಳಗೆ ಬೀಳಬೇಕು. ನಡುವಿನದು, ಅಂದರೆ ಹೆಚ್ಚುಕಡಿಮೆ 3ರಿಂದ 6 ಮಿಲಿಮೀಟರ್ ಚೂರು, ಅದನ್ನು ಮಾತ್ರ ಇಟ್ಟುಕೊಳ್ಳಿ. ಹುಡಿ ಒಳಗೇ ಉಳಿದರೆ ಅದೇ ನೀರು ಕಟ್ಟಿಸುತ್ತದೆ, ಇಲ್ಲಿ ಸೋಮಾರಿತನ ಮಾಡಬೇಡಿ. ಮೂರು ಪಾಲು ಹಂಚಿನ ಚೂರು, ಒಂದು ಪಾಲು ದಪ್ಪ ಹೊಳೆ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ. ಶಿರಸಿಯಲ್ಲೂ ಇದೇ, ಕಾರವಾರದಲ್ಲೂ ಇದೇ. ಸಮುದ್ರದ ಮರಳು ಬೇಡ, ಉಪ್ಪು. ತೆಂಗಿನ ನಾರಿನ ಪುಡಿ ಬಯಲುಸೀಮೆಯವರಿಗೆ ಒಳ್ಳೆಯದು, ನಮಗೆ ಮಳೆಗಾಲದಲ್ಲಿ ಅದು ಒದ್ದೆ ಕಂಬಳಿ.

ಮೂರು ವರ್ಷ ಕಾಯುವುದು

ಇಲ್ಲಿಯೇ ಎಲ್ಲರೂ ಎಡವುವುದು. ಗಿಡ ತಂದ ದಿನವೇ ಆಮೆ ಚಿಪ್ಪಿನಂಥ ತಟ್ಟೆಗೆ ಹಾಕಿ ಫೋಟೋ ತೆಗೆಯುತ್ತೇವೆ. ಬದುಕಿದ ನನ್ನ ಮೊದಲ ಗಿಡವನ್ನು ಹಾಗೆ ಹಾಕಿ ನಾಲ್ಕು ವರ್ಷ ಸಾಕಿದೆ. ನಾಲ್ಕು ವರ್ಷದ ನಂತರ ಅದರ ದಪ್ಪ ಪೆನ್ಸಿಲ್‌ನಿಂದ ಪೆನ್ನಿಗೆ ಬಂದಿತ್ತು. ಕಾಂಡ ದಪ್ಪವಾಗಬೇಕಾದರೆ ಮೇಲೆ ಎಲೆ ಬೇಕು, ಕೆಳಗೆ ಬೇರಿಗೆ ಜಾಗ ಬೇಕು. ಚಿಕ್ಕ ಕುಂಡ ಎರಡನ್ನೂ ತಡೆಯುತ್ತದೆ.

ಹಾಗಾಗಿ ಗೋಡೆಯಿಂದ ತಂದದ್ದನ್ನು ಅಗಲದ ಪ್ಲಾಸ್ಟಿಕ್ ಬುಟ್ಟಿಯಲ್ಲೋ ದೊಡ್ಡ ಕುಂಡದಲ್ಲೋ ಹಾಕಿ, ಅಥವಾ ಜಾಗ ಇದ್ದರೆ ನೆಲಕ್ಕೇ ಹಾಕಿ. ನೆಲಕ್ಕೆ ಹಾಕುವಾಗ ಬುಡದ ಕೆಳಗೆ ಒಂದು ಇಡೀ ಹಂಚು ಮಲಗಿಸಿಡಿ. ತಾಯಿಬೇರು ಕತ್ತರಿಸಿದ್ದರೂ ಬೇರು ಕೆಳಗೇ ಹೋಗಲು ನೋಡುತ್ತದೆ, ಹಂಚು ತಾಗಿ ಪಕ್ಕಕ್ಕೆ ಹರಡುತ್ತದೆ. ಮುಂದೆ ತಟ್ಟೆಗೆ ಬಂದಾಗ ಬುಡದ ಸುತ್ತ ಆ ಬೇರು ಕಾಣುವುದೇ ಮರದ ಗತ್ತು.

ಎಲ್ಲಿ ನೆಡುತ್ತೀರಿ ಅನ್ನುವುದರಲ್ಲಿ ಜಾಗ್ರತೆ. ಶಿರಸಿ ಮನೆಯಲ್ಲಿ ನಾನು ಬಚ್ಚಲ ನೀರು ಹೋಗುವ ಕಡೆ ಒಂದು ಆಲ ನೆಟ್ಟೆ. ಎರಡೇ ಮಳೆಗಾಲದಲ್ಲಿ ಕಾಂಡ ಮೊಣಕೈ ದಪ್ಪ ಬಂತು, ನನಗೆ ಹೆಮ್ಮೆಯೋ ಹೆಮ್ಮೆ. ಮೂರನೇ ವರ್ಷ ಬಚ್ಚಲ ನೀರು ಹೊರಗೆ ಹೋಗುವುದು ನಿಂತಿತು. ಅಗೆದು ನೋಡಿದರೆ ಪೈಪಿನ ಒಳಗೆ ಎಂಟು ಅಡಿ ಉದ್ದದ ಬೇರಿನ ಜಡೆ, ಪೈಪಿನದೇ ಅಚ್ಚು! ಅಪ್ಪಯ್ಯ ಏನೂ ಹೇಳಲಿಲ್ಲ, ಪೈಪಿನ ಬಿಲ್ಲು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಮನೆ, ಬಾವಿ, ಪೈಪು ಇವುಗಳಿಂದ ದೂರ ನೆಡಿ. ಕುಂಡವನ್ನೂ ಬರಿ ನೆಲದ ಮೇಲೆ ಇಡಬೇಡಿ, ತೂತಿನಿಂದ ಬೇರು ಇಳಿದು ನೆಲ ಹಿಡಿಯುತ್ತದೆ. ಎತ್ತುವ ದಿನ ಆ ಬೇರು ಕಡಿದರೆ ಗಿಡ ಒಂದೇ ವಾರದಲ್ಲಿ ಜೋತುಬೀಳುತ್ತದೆ.

ಈ ಮೂರು ವರ್ಷ ಗಿಡಕ್ಕೆ ಚಂದ ಮಾಡಲು ಹೋಗಬೇಡಿ. ಬುಡದ ಹತ್ತಿರ ಒಂದು ಕೊಂಬೆಯನ್ನು ಬೇಕಾದಷ್ಟು ಉದ್ದ ಬೆಳೆಯಲು ಬಿಡಿ, ಆರು ಅಡಿ ಹೋದರೂ ಹೋಗಲಿ. ಅದು ತಿನ್ನಿಸುವ ಕೊಂಬೆ. ಅದರ ಕೆಳಗಿನ ಕಾಂಡ ಅದರಿಂದಲೇ ದಪ್ಪವಾಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಬುಡಕ್ಕೆ ಕಡಿಯುವುದೇ.

ಮುಖ್ಯ ಕಾಂಡ ಕಡಿಯುವುದು ಜೂನ್ ಸುಮಾರಿಗೆ, ಮಳೆ ಶುರುವಾದ ಕೂಡಲೇ. ಕೊನೆಗೆ ಮರ ಎಷ್ಟು ಎತ್ತರ ಇರಬೇಕೋ ಅದರ ಮೂರನೇ ಒಂದು ಭಾಗಕ್ಕೆ ಕಡಿಯಿರಿ, ಸ್ವಲ್ಪ ಓರೆಯಾಗಿ, ನೀರು ಜಾರಿ ಹೋಗುವ ಹಾಗೆ. ಎದೆ ಧಸಕ್ಕೆನ್ನುತ್ತದೆ, ನಿಜ. ಎರಡು ಮೂರು ವಾರದಲ್ಲಿ ಸುತ್ತಲೂ ಕೆಂಪು ಮೊಗ್ಗು ಏಳುತ್ತದೆ. ಬೇಕಾದ ಒಂದನ್ನು ಮುಂದಿನ ಕಾಂಡವಾಗಿ ಬಿಟ್ಟು, ಒಂದೆರಡನ್ನು ಕೊಂಬೆಗೆ ಉಳಿಸಿ, ಮಿಕ್ಕವನ್ನು ಉಗುರಿನಿಂದ ಚಿವುಟಿ. ಗಾಯಕ್ಕೆ ನಾನು ಜೇನುಮೇಣವನ್ನು ಚೂರು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಹಚ್ಚುತ್ತೇನೆ. ಆಲ, ಮೈಕ್ರೋಕಾರ್ಪಾಗೆ ಈ ಕಡಿತ ತೊಂದರೆಯಿಲ್ಲ. ಆದರೆ ನರ್ಸರಿಯ ಜೋಲುವ ಎಲೆಯ ಫೈಕಸ್ ಬೆಂಜಮಿನಾ ಇದ್ದರೆ ಒಂದೂ ಎಲೆ ಬಿಡದೆ ಕಡಿಯಬೇಡಿ, ಆ ಕೊಂಬೆ ಹಾಗೇ ಒಣಗಿಹೋಗುವುದು ಜಾಸ್ತಿ.

ತಟ್ಟೆಗೆ ಇಳಿಸುವುದು

ಕಾಂಡ ನಿಮಗೆ ಸಾಕು ಅನ್ನಿಸಿದ ವರ್ಷ, ಮತ್ತೆ ಜೂನ್ ಮೊದಲ ವಾರ. ಕುಂಡದ ಆಳ ಬುಡದ ದಪ್ಪದಷ್ಟು, ಉದ್ದ ಮರದ ಎತ್ತರದ ಮೂರರಲ್ಲಿ ಎರಡು ಪಾಲು ಅನ್ನುವುದು ರೂಢಿಯ ಲೆಕ್ಕ. ನಮ್ಮ ಕಡೆಗೆ ನಾನು ಅದಕ್ಕಿಂತ ಒಂದಿಂಚು ಆಳವೇ ಇಡುತ್ತೇನೆ. ಕಾರಣ ತಿಳಿಯಬೇಕಾದರೆ ಪಾತ್ರೆ ತೊಳೆಯುವ ಸ್ಪಂಜು ನೀರಿನಲ್ಲಿ ಅದ್ದಿ ಮಲಗಿಸಿ ಹಿಡಿಯಿರಿ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಆಳ ಕಡಿಮೆ ಇದ್ದಷ್ಟೂ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜುಲೈನಲ್ಲಿ ವಾರಗಟ್ಟಲೆ ಬಿಡದೆ ಹೊಯ್ಯುವಾಗ ನಾನು ತಟ್ಟೆಯ ಒಂದು ತುದಿಯ ಕೆಳಗೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ತುಂಡು ಇಟ್ಟು ಓರೆ ಮಾಡುವುದು ಇದಕ್ಕೇ. ನೋಡಿದವರು ನಗುತ್ತಾರೆ. ನಗಲಿ.

ಕುಂಡಕ್ಕೆ ಕಡಿಮೆ ಅಂದರೂ ಎರಡು ದೊಡ್ಡ ತೂತು ಬೇಕು, ಮೇಲೆ ಸೊಳ್ಳೆ ಪರದೆಯ ಜಾಲರಿ. ದುಬಾರಿ ಜಪಾನಿ ಕುಂಡವೇ ಆಗಬೇಕು ಅಂತಿಲ್ಲ. ಖಾನಾಪುರದ ಕೆಂಪು ಮಣ್ಣಿನ ಸಾಮಾನು ನಮಗೆ ದೂರವಲ್ಲ, ಹತ್ತಿರದ ಕುಂಬಾರರಿಗೆ ಅಳತೆ ಕೊಟ್ಟರೂ ಮಾಡಿಕೊಡುತ್ತಾರೆ. ಮಣ್ಣು ಹಸಿ ಇರುವಾಗಲೇ ತೂತು ಹಾಕಲು ಹೇಳಿ.

ಗಿಡ ಎತ್ತಿ, ಬೇರಿನ ಮಣ್ಣು ಕೋಲಿನಿಂದ ಬಿಡಿಸಿ, ಕೆಳಮುಖ ಹೋದ ದಪ್ಪ ಬೇರನ್ನೆಲ್ಲ ಕೊಯ್ದು, ಪಕ್ಕದವನ್ನು ಉಳಿಸಿ. ಒಟ್ಟು ಬೇರಿನಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ತೆಗೆಯಬಹುದು. ತೆಗೆದಷ್ಟೇ ಎಲೆಯನ್ನೂ ಮೇಲೆ ತೆಗೆಯಿರಿ. ಆಮೇಲೆ ತೂತಿನ ಮೂಲಕ ತಂತಿ ಹಾಯಿಸಿ ಬೇರನ್ನು ಕುಂಡಕ್ಕೆ ಬಿಗಿಯಾಗಿ ಕಟ್ಟಲೇಬೇಕು. ನಮ್ಮ ಗಾಳಿಗೆ ಗಿಡ ಅಲ್ಲಾಡಿದರೆ ಹೊಸ ಬೇರು ಹುಟ್ಟಿದ ಹಾಗೆ ಹರಿಯುತ್ತದೆ. ಮಾಡಿನ ಅಂಚಿನಲ್ಲಿ ನೇರ ಮಳೆ ಬೀಳದ ಕಡೆ ಮೂರು ವಾರ ಇಟ್ಟು ಆಮೇಲೆ ಹೊರಗಿಡಿ. ಮಣ್ಣು ಬದಲಿಸುವ ಈ ಕೆಲಸ ಮುಂದೆ ಎರಡು ವರ್ಷಕ್ಕೊಮ್ಮೆ.

ತಂತಿ ಮತ್ತು ಕತ್ತರಿ

ತಂತಿ ಕೆಲಸ ಅಕ್ಟೋಬರ್ ನಂತರ. ಅಲ್ಯುಮಿನಿಯಂ ತಂತಿ, ಕೊಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪ, 45 ಡಿಗ್ರಿ ಓರೆಯಲ್ಲಿ ಸುತ್ತುವುದು, ತುದಿ ಗಟ್ಟಿಯಾಗಿ ಆತುಕೊಳ್ಳುವುದು. ಸುತ್ತಿದ ಮೇಲೆ ಎರಡೂ ಹೆಬ್ಬೆರಳು ಕೊಟ್ಟು ನಿಧಾನ ಬಗ್ಗಿಸಿ. ಇದನ್ನು ಜುಲೈನಲ್ಲಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ನನ್ನ ತಾರಸಿಯಲ್ಲಿದೆ. ಒಂದು ಮಳೆಗಾಲ ಮೂರು ವಾರ ಊರಿನಲ್ಲಿ ನಾಟಿ, ಅಡಿಕೆಗೆ ಕೊಳೆಮದ್ದು ಹೊಡೆಯುವುದು ಅಂತ ಉಳಿದೆ. ಬಂದು ನೋಡಿದರೆ ತಂತಿಯೇ ಕಾಣುತ್ತಿಲ್ಲ, ಕೊಂಬೆ ಅದನ್ನು ನುಂಗಿಬಿಟ್ಟಿತ್ತು. ಕಟಿಂಗ್ ಪ್ಲೇಯರ್‌ನಿಂದ ಚೂರು ಚೂರು ಮಾಡಿ ತೆಗೆದೆ. ಏಳು ವರ್ಷವಾದರೂ ಸ್ಕ್ರೂ ಮೊಳೆಯ ಸುತ್ತಿನಂಥ ಗೆರೆ ಹೋಗಿಲ್ಲ. ತಂತಿಯನ್ನು ಬಿಚ್ಚಿ ಉಳಿಸುವ ಜಿಪುಣತನವೂ ಬೇಡ, ಬಿಚ್ಚುವಾಗಲೇ ಕೊಂಬೆ ಮುರಿಯುವುದು. ಕತ್ತರಿಸಿ ಬಿಸಾಡಿ. ದಪ್ಪ ಕೊಂಬೆಯಾದರೆ ಬಾಳೆ ನಾರಿನಿಂದ ಕುಂಡದ ಅಂಚಿಗೆ ಎಳೆದು ಕಟ್ಟಿ. ಅದು ಕೊಂಬೆಗೆ ಗಾಯ ಮಾಡುವ ಮೊದಲು ತಾನೇ ಕೊಳೆತು ಬೀಳುತ್ತದೆ.

ನಿಜ ಹೇಳಬೇಕೆಂದರೆ ಆಲಕ್ಕೆ ತಂತಿಗಿಂತ ಕತ್ತರಿ ಒಳ್ಳೆಯದು. ಚಿಗುರು ಏಳೆಂಟು ಎಲೆ ಬರುವವರೆಗೆ ಬಿಡಿ, ಆಮೇಲೆ ಎರಡು ಎಲೆಗೆ ಕತ್ತರಿಸಿ. ಕೊನೆಗೆ ಉಳಿದ ಎಲೆ ಯಾವ ಕಡೆ ಮುಖ ಮಾಡಿದೆಯೋ ಮುಂದಿನ ಚಿಗುರು ಆ ಕಡೆ ಹೋಗುತ್ತದೆ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಕೊಂಬೆ ತಾನೇ ಡೊಂಕುಡೊಂಕಾಗಿ ಮರದ ಹಾಗೆ ಕಾಣುತ್ತದೆ.

ಎಲೆ ಚಿಕ್ಕದು ಮಾಡಲು ಎಲ್ಲಾ ಎಲೆ ತೆಗೆಯುವುದು ದಾರಿ. ತೊಟ್ಟು ಉಳಿಸಿ ಎಲೆ ಮಾತ್ರ ಕತ್ತರಿಸಿ, ತೊಟ್ಟು ತಾನೇ ಉದುರುತ್ತದೆ. ಮೂರು ನಾಲ್ಕು ವಾರದಲ್ಲಿ ಹೊಸ ಎಲೆ ಬರುತ್ತದೆ, ಹಳೆಯದಕ್ಕಿಂತ ಚಿಕ್ಕದು. ಇದನ್ನು ಅಕ್ಟೋಬರ್‌ನಲ್ಲಿ ಮಾಡಿ, ಇಲ್ಲವೇ ಮಾರ್ಚ್ ಕೊನೆಗೆ. ಮೋಡ ಮುಚ್ಚಿದ ಜುಲೈನಲ್ಲಿ ಮಾಡಿದರೆ ಬೆಳಕಿಲ್ಲದೆ ಹೊಸ ಎಲೆ ಇನ್ನೂ ದೊಡ್ಡದಾಗಿ, ಸಪ್ಪಗೆ ಬರುತ್ತದೆ. ವರ್ಷಕ್ಕೆ ಒಂದೇ ಸಲ, ಗಟ್ಟಿಮುಟ್ಟಾದ ಗಿಡಕ್ಕೆ ಮಾತ್ರ, ಮಣ್ಣು ಬದಲಿಸಿದ ವರ್ಷ ಬೇಡ.

ಬೀಳಲು

ಬೀಳಲು ಇಲ್ಲದ ಆಲ ಏನು ಆಲ ಅಲ್ವಾ? ಬೆಂಗಳೂರು ಹತ್ತಿರದ ದೊಡ್ಡ ಆಲದ ಮರದ ಮೂಲ ಕಾಂಡ ರೋಗ ಬಂದು ಹೋಗಿ ಎಷ್ಟೋ ಕಾಲವಾಯಿತು, ಬೀಳಲುಗಳೇ ಈಗ ಮರ. ಒಣ ಊರಿನವರು ಬೀಳಲು ಬರಿಸಲು ಗಾಜಿನ ಪೆಟ್ಟಿಗೆ, ನೀರಿನ ಸ್ಪ್ರೇ ಅಂತ ಒದ್ದಾಡುತ್ತಾರೆ. ನಮಗೆ ಜುಲೈ ಗಾಳಿಯ ತೇವವೇ ಸಾಕು, ಕೊಂಬೆಯ ಅಡಿಯಲ್ಲಿ ಬಿಳಿ ದಾರದಂಥದ್ದು ತಾನೇ ಇಳಿಯುತ್ತದೆ. ತೊಂದರೆ ಏನೆಂದರೆ ಸೆಪ್ಟೆಂಬರ್ ಕೊನೆಯ ಬಿಸಿಲಿಗೆ ಅದು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಅದಕ್ಕೆ ಸ್ಟ್ರಾ ಬೇಕು. ಸ್ಟ್ರಾವನ್ನು ಉದ್ದಕ್ಕೆ ಸೀಳಿ, ಒಳಗೆ ಒದ್ದೆ ಪಾಚಿ ತುಂಬಿ, ಬೀಳಲನ್ನು ಅದರಲ್ಲಿ ಕೂರಿಸಿ ಕೆಳತುದಿ ಮಣ್ಣಿಗೆ ಚುಚ್ಚಿ. ಪಪ್ಪಾಯಿ ಎಲೆಯ ದಂಟನ್ನೂ ಹೀಗೆ ಬಳಸಿ ನೋಡಿದ್ದೇನೆ, ಸಣ್ಣ ಬೀಳಲಿಗೆ ಸಾಕಾಗುತ್ತದೆ. ಮಣ್ಣು ಹಿಡಿದ ಮೇಲೆ ಬೀಳಲು ಬಿಗಿಯಾಗುತ್ತದೆ, ದಪ್ಪವಾಗಲು ಶುರುವಾಗುತ್ತದೆ. ಎಲ್ಲವನ್ನೂ ಉಳಿಸಬೇಡಿ, ಮೂರೋ ನಾಲ್ಕೋ ಸಾಕು. ಇಲ್ಲದಿದ್ದರೆ ಮರ ಕಾಣುವುದಿಲ್ಲ, ಬಿದಿರ ತಟ್ಟಿ ಕಾಣುತ್ತದೆ.

ಕಲ್ಲಿನ ಮೇಲೆ ಬೇರು ಹರಿಸುವ ಆಸೆ ಇದ್ದವರು ಮೊದಲು ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋಗಿ ಬನ್ನಿ. ಚಿರೇಕಲ್ಲಿನ ಗೋಡೆಯ ಮೇಲೆ ಬೇರು ಹೇಗೆ ಇಳಿದಿದೆ, ಎಲ್ಲಿ ಕವಲಾಗಿದೆ, ಎಲ್ಲಿ ಕಲ್ಲನ್ನು ಕಚ್ಚಿದೆ ನೋಡಿ. ಆಮೇಲೆ ಒಂದು ತೂತುತೂತಾದ ಚಿರೇಕಲ್ಲಿನ ತುಂಡು ಹುಡುಕಿ, ಉದ್ದ ಬೇರಿನ ಎಳೆಯ ಗಿಡವನ್ನು ಅದರ ಮೇಲೆ ಕೂರಿಸಿ, ಬೇರನ್ನು ಕಲ್ಲಿನ ಸಂದಿಗಳಲ್ಲಿ ಇಳಿಸಿ ಸೆಣಬಿನ ಹುರಿಯಿಂದ ಬಿಗಿದು ಕಟ್ಟಿ, ಎತ್ತರದ ಕುಂಡದಲ್ಲಿ ಕಲ್ಲು ಪೂರ್ತಿ ಮುಚ್ಚುವ ಹಾಗೆ ಮಣ್ಣು ತುಂಬಿ. ಎರಡು ಮಳೆಗಾಲ ಮುಟ್ಟಬೇಡಿ. ಆಮೇಲೆ ತಿಂಗಳಿಗೆ ಒಂದಿಂಚಿನಂತೆ ಮೇಲಿನ ಮಣ್ಣು ತೆಗೆಯುತ್ತಾ ಬನ್ನಿ.

ನೀರು, ಗೊಬ್ಬರ, ಹುಳ

ಮಾರ್ಚ್‌ನಿಂದ ಮೇವರೆಗೆ ದಿನಕ್ಕೆ ಎರಡು ಸಲ ನೀರು. ಚಳಿಗಾಲದಲ್ಲಿ ಶಿರಸಿಯಲ್ಲಿ ದಿನ ಬಿಟ್ಟು ದಿನ ಸಾಕಾಗುತ್ತದೆ, ಬೆರಳು ಅರ್ಧ ಇಂಚು ಚುಚ್ಚಿ ನೋಡಿ ಹಾಕಿ. ಕಾರವಾರದವರು ಎರಡು ವಿಷಯ ನೆನಪಿಡಿ. ಸಮುದ್ರದ ಹತ್ತಿರದ ಬಾವಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುವುದುಂಟು, ಎಲೆಯ ಅಂಚು ಸುಟ್ಟ ಹಾಗೆ ಕಂದಾದರೆ ಮೊದಲು ನೀರು ಬಾಯಿಗೆ ಹಾಕಿ ನೋಡಿ. ಇನ್ನೊಂದು, ಪಶ್ಚಿಮದ ಉಪ್ಪು ಗಾಳಿ. ಗಿಡಗಳನ್ನು ನೀರಿನ ಟ್ಯಾಂಕಿನ ಮರೆಯಲ್ಲಿಡಿ, ಮಳೆ ಇಲ್ಲದ ಗಾಳಿ ದಿನಗಳಲ್ಲಿ ಎಲೆ ತೊಳೆಯಿರಿ.

ಗೊಬ್ಬರಕ್ಕೆ ಶೇಂಗಾ ಹಿಂಡಿ ನಾಲ್ಕು ದಿನ ನೆನೆಸಿ ತಿಳಿನೀರಿಗೆ ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ. ಜೋರು ಮಳೆಯಲ್ಲಿ ಹಾಕಿದರೆ ತೂತಿನಿಂದ ಹರಿದು ಹೋಗುತ್ತದೆ, ಆಗ ಮಣ್ಣಿನ ಮೇಲೆ ಒಂದು ಹಿಡಿ ಎರೆಗೊಬ್ಬರ ಇಟ್ಟರೆ ಸಾಕು. ಮೀನು ತೊಳೆದ ನೀರು ಒಳ್ಳೆಯದು ಅಂತ ಯಾರೋ ಹೇಳಿದರು, ಹಾಕಿದೆ. ಗಿಡಕ್ಕೆ ಏನಾಯಿತೋ ಗೊತ್ತಾಗಲಿಲ್ಲ, ಯಾಕೆಂದರೆ ಬೆಳಗಾಗುವಷ್ಟರಲ್ಲಿ ಬೆಕ್ಕುಗಳು ಇಡೀ ಕುಂಡ ಅಗೆದು ಹಾಕಿದ್ದವು.

ಕೊಂಬೆಯ ಮೇಲೆ ಇರುವೆ ಸಾಲು ಕಂಡರೆ ಇರುವೆಯನ್ನು ಬೈಯಬೇಡಿ, ಎಲೆಯ ಅಡಿ ನೋಡಿ. ಹಿಟ್ಟುತಿಗಣೆ ಇರುತ್ತದೆ, ಅದರ ಸಿಹಿಗೆ ಇರುವೆ ಬಂದಿರುತ್ತದೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಚೂರು ಸೋಪು ಹಾಕಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಮೈಕ್ರೋಕಾರ್ಪಾದ ಎಲೆ ದೋಣಿಯ ಹಾಗೆ ಮಡಚಿಕೊಂಡರೆ ಒಳಗೆ ಕಪ್ಪು ನುಸಿ ಇರುತ್ತದೆ, ಆ ಎಲೆ ಕಿತ್ತು ಸುಡುವುದೇ ಸುಲಭ. ಬಸವನಹುಳ ಮಳೆಗಾಲದ ರಾತ್ರಿ ಬರುತ್ತದೆ, ಟಾರ್ಚ್ ಹಿಡಿದು ಹೆಕ್ಕಬೇಕು. ಬೇರೆ ಉಪಾಯ ನನಗೆ ಫಲಿಸಿಲ್ಲ.

ಕಾರವಾರದ ಕೋಡಿಬಾಗ ಕಡೆ ಹೋಗುವ ದಾರಿಯಲ್ಲಿ ಒಂದು ಹಳೇ ಮನೆಯ ಪಾಗಾರದಲ್ಲಿ ಈಗ ಒಂದು ಆಲ ನೋಡಿಟ್ಟಿದ್ದೇನೆ, ಬುಡ ಹತ್ತಿರ ಹತ್ತಿರ ತೆಂಗಿನಕಾಯಿ ಗಾತ್ರ, ಎಡಕ್ಕೆ ಒಂದು ಚಂದದ ಡೊಂಕು. ಮನೆಯವರನ್ನು ಕೇಳಿದೆ. "ಒಯ್ಯಿರಿ ಮಾರಾಯ್ರೇ, ಗೋಡೆ ಬಾಯಿ ಬಿಡ್ತಾ ಇದೆ" ಅಂದರು. ಈ ವರ್ಷ ಕತ್ತಿ ಹಾಕಬೇಡಿ ಅಂತ ಹೇಳಿ ಬಂದಿದ್ದೇನೆ. ಉಳಿ ಸಾಣೆ ಹಿಡಿಸಿಟ್ಟಾಗಿದೆ, ಮಳೆ ಬರಬೇಕಷ್ಟೇ.